ಹಾಲು ಕರೆಯುವ ಕೈ

ಅವುತ್ ತವರಿಗೆ ಬಂದ ದಿನ ಮನೆಯಲ್ಲಿ ಜೋಳದ ಮುದ್ದೆ, ಬೆಂಡೆಕಾಯಿ ಸಾರು. ಮುದ್ದೆ ತಿರುವುತ್ತಿದ್ದ ಅಲುಯೆಲ್ ಬಾಗಿಲ ಸದ್ದಿಗೆ ತಿರುಗಿ ನೋಡಿದರೆ ಮಗಳು ಹೊಸ್ತಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಮೂರು ವರ್ಷದ ಅಬುಕ್, ಹೆಗಲಿಗೊಂದು ಚೀಲ, ಬಲಗೈ ಮಣಿಕಟ್ಟಿಗೆ ಪ್ಲಾಸ್ಟರು. ಮೆಲ್ಬರ್ನಿನಿಂದ ರೈಲಿನಲ್ಲಿ ಬಂದು ನಿಲ್ದಾಣದಿಂದ ನಡೆದೇ ಬಂದಿದ್ದಳು. ಆ ಚಳಿಯಲ್ಲಿ ಮಗುವಿನ ಮೂಗು ಸೋರಿ ಒಣಗಿತ್ತು.

"ಒಂದು ಫೋನಾದ್ರೂ ಮಾಡಬಾರದಿತ್ತಾ?" ಅಂದಳು ಅಲುಯೆಲ್.

"ಮಾಡಿದ್ರೆ ಬರಬೇಡ ಅಂತಿದ್ರಿ."

ಅಲುಯೆಲ್ ಸೌಟು ಸೊಸೆಯ ಕೈಗೆ ಕೊಟ್ಟು ಮೊಮ್ಮಗಳನ್ನು ಎತ್ತಿಕೊಂಡಳು. ಸೊಸೆ ನ್ಯಿಬೋಲ್ ಏಳು ತಿಂಗಳ ಬಸುರಿ. ಒಲೆಯ ಮುಂದೆ ನಿಂತವಳು ನಾದಿನಿಯ ಮುಖ ನೋಡಲಿಲ್ಲ, ಪ್ಲಾಸ್ಟರನ್ನೇ ನೋಡಿದಳು. ನೋಡಿ, ಮುದ್ದೆಯನ್ನು ಇದ್ದದ್ದಕ್ಕಿಂತ ಜೋರಾಗಿ ತಿರುವತೊಡಗಿದಳು.

ಹಾಲಿನ ಶೆಡ್ಡಿನ ಸಂಜೆ ಕೆಲಸ ಮುಗಿಸಿ ಮಾವಿಯೆನ್ ಮನೆಗೆ ಬಂದ. ಹಣೆಯ ಮೇಲಿನ ಗೀರುಗಳಲ್ಲಿ ಬೆವರು ಕೂತಿದ್ದ ಆರೂವರೆ ಅಡಿಯ ಆಳು. ಮಗಳನ್ನು ನೋಡಿದ, ಮೊಮ್ಮಗಳ ತಲೆ ಮುಟ್ಟಿದ, ಕೈ ತೊಳೆದುಕೊಂಡು ಮುಂದಿನ ಕೋಣೆಯಲ್ಲಿ ಮಗ ಅಥಿಯಾನನ ಜೊತೆ ಊಟಕ್ಕೆ ಕೂತ. ತಟ್ಟೆ ಖಾಲಿಯಾದ ಮೇಲೆ, ಮಗಳು ಅಡುಗೆಮನೆಯಲ್ಲಿ ನಾಲ್ಕು ಹೆಜ್ಜೆ ದೂರದಲ್ಲಿದ್ದರೂ, ಹೆಂಡತಿಯನ್ನು ಕೇಳಿದ.

"ಕೈಗೇನಾಯ್ತಂತೆ?"

"ಮಜೋಕ್ ತಿರುಚಿದನಂತೆ. ಕಾರಿನ ಕೀಲಿ ಕೊಡಲಿಲ್ಲ ಅಂತ."

"ಕೊಟ್ಟುಬಿಟ್ಟಿದ್ರೆ ಆಗ್ತಿತ್ತು."

ಅಡುಗೆಮನೆಯಿಂದ ಅವುತ್ ಹೇಳಿದಳು: "ಹೋದ ಸಲ ಕೊಟ್ಟಿದ್ದೆ ಅಪ್ಪ. ಕೆಲಸಕ್ಕೆ ಹೋಗಕ್ಕಾಗಲಿಲ್ಲ, ಹಲ್ಲೂ ಹೋಯ್ತು. ನಿಮಗೆ ಜಾರಿ ಬಿದ್ದೆ ಅಂದಿದ್ದೆ. ಈ ಸಲ ಹಂಗನ್ನಲ್ಲ."

ಮಾವಿಯೆನ್ ಹಲ್ಲುಕಡ್ಡಿ ಮುರಿದ. "ಎಷ್ಟು ದಿನ ಇರ್ತಾಳೆ ಕೇಳು," ಎಂದು ಎದ್ದುಹೋದ.

ಎಷ್ಟು ದಿನ ಅನ್ನುವುದೇ ಆ ಮನೆಯ ಮಾತಾಯಿತು. ಅದು ಅನ್ನದ ಲೆಕ್ಕವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅವುತಳ ಮದುವೆಗೆ ಮಜೋಕನ ಕಡೆಯವರು ತಾವು ಬಿಟ್ಟುಬಂದ ದೂರದ ನಾಡಿನ ತೊಂಜ್‌ನಲ್ಲಿ ಹಸು ಕೊಟ್ಟಿದ್ದರು. ಇಲ್ಲಿ ಚರ್ಚಿನಲ್ಲಿ ಉಂಗುರ ತೊಡಿಸಿದ್ದು ಆಮೇಲಿನ ಮಾತು. ಮದುವೆಯಾದದ್ದು ಅಲ್ಲಿ, ಮಾವಿಯೆನ್‌ನ ಅಣ್ಣ ವೋಲ್ ಒಂದೊಂದೇ ಹಸುವಿನ ಬಣ್ಣ ಕೂಗಿ ಹಟ್ಟಿಗೆ ಹೊಡೆಸಿಕೊಂಡಾಗ. ಚಿಕ್ಕಪ್ಪಂದಿರ ಪಾಲು, ಸೋದರಮಾವನ ಪಾಲು ಹೋಗಿ ಮಾವಿಯೆನ್‌ನ ಪಾಲಿಗೆ ಮೂವತ್ತು ಉಳಿದವು. ಅವು ಅಲ್ಲಿ ಎರಡು ಮಳೆಗಾಲ ಮೇಯ್ದು, ಅಥಿಯಾನನ ಮದುವೆಗೆಂದು ನ್ಯಿಬೋಲಳ ಅಪ್ಪನ ಹಟ್ಟಿಗೆ ನಡೆದುಹೋದವು. ಅಕ್ಕನನ್ನು ಕೊಟ್ಟು ತಂದ ಹಸು ತಮ್ಮನಿಗೆ ಹೆಣ್ಣು ತಂದಿತು. ಹಾಗೇ ನಡೆಯುವುದು. ಆದರೆ ಹೆಣ್ಣು ಗಂಡನ ಮನೆ ಬಿಟ್ಟರೆ ಹಸುಗಳು ಬಂದ ದಾರಿಯಲ್ಲೇ ತಿರುಗಿ ನಡೆಯಬೇಕು.

ಮರುದಿನ ಹಿತ್ತಲಲ್ಲಿ ಅವುತ್ ಒಂದೇ ಕೈಯಲ್ಲಿ ಬಟ್ಟೆ ಹರವುತ್ತಿದ್ದಳು. ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡು, ತಂತಿಗೆ ಅಂಗಿ ಎಸೆದು, ಹಿಡಿಯುವಷ್ಟರಲ್ಲಿ ಅದು ಜಾರಿ ಕೆಸರಿಗೆ ಬೀಳುತ್ತಿತ್ತು. ನ್ಯಿಬೋಲ್ ಹೊಟ್ಟೆ ಹಿಡಿದುಕೊಂಡು ಬಂದಳು.

"ಬಿಡಕ್ಕ, ನಾನು ಹಾಕ್ತೀನಿ."

"ನಿನಗೇ ಬಗ್ಗಕ್ಕಾಗಲ್ಲ."

"ಎಷ್ಟು ದಿನ ಇರ್ತೀಯ?"

ಅವುತ್ ಬಾಯಿಂದ ಕ್ಲಿಪ್ಪು ತೆಗೆದಳು. "ಯಾಕೆ, ಮುದ್ದೆ ಸಾಲ್ತಿಲ್ವಾ?"

"ಮುದ್ದೆ ಮಾತಲ್ಲ ಅದು, ನಿನಗೂ ಗೊತ್ತು. ನಮ್ಮಪ್ಪನ ಹಟ್ಟಿಗೆ ಬಂದು ಗೂಟದಿಂದ ಹಗ್ಗ ಬಿಚ್ಕೊಂಡು ಹೋಗ್ತಾರೆ. ಆಗ ನಾನು ಈ ಮನೇಲಿ ಯಾರು? ಪುಕ್ಕಟೆ ಬಂದೋಳು ಅಂತಾರೆ ನಮ್ಮೂರಲ್ಲಿ. ನಮ್ಮಮ್ಮ ಆ ಹಸು ಕರೆಯುವಾಗೆಲ್ಲ ನನ್ನ ಹೆಸರು ಹೇಳ್ತಾಳಂತೆ."

"ಅದಕ್ಕೆ ನಾನು ಹೋಗಿ ಇನ್ನೊಂದು ಕೈನೂ ಕೊಡ್ಲಾ?"

"ಹಂಗೆಲ್ಲಿ ಅಂದೆ ನಾನು."

"ಅಂದೆ ಕಣೇ. ಬೇರೆ ಮಾತಲ್ಲಿ ಅಂದೆ."

ಕಾರ್ಖಾನೆಯ ಕೆಲಸ ಮುಗಿಸಿ ಆಗತಾನೇ ಬಂದಿದ್ದ ಅಥಿಯಾನ್ ನಡುವೆ ಬಾಯಿ ಹಾಕಿದ. "ಇಬ್ಬರೂ ಸುಮ್ನಿರಿ. ನ್ಯಿಬೋಲ್, ನಾವು ಪಾದ್ರಿ ಮುಂದೆ ಮದುವೆ ಆಗಿದ್ದೀವಿ, ಸರ್ಕಾರದಲ್ಲೂ ಬರೆಸಿದ್ದೀವಿ. ಯಾರು ಏನು ಮಾಡ್ಕೋತಾರೆ? ಈ ದೇಶದಲ್ಲಿ ಯಾರನ್ನೂ ಬಲವಂತವಾಗಿ ಗಂಡನ ಮನೆಗೆ ಕಳ್ಸೋ ಹಂಗಿಲ್ಲ."

"ನಿಮ್ಮ ಸರ್ಕಾರ ನಮ್ಮಪ್ಪಂಗೆ ಹಾಲು ಕೊಡುತ್ತಾ?" ಅಂದಳು ನ್ಯಿಬೋಲ್.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಲುಯೆಲ್ ಕೆಸರಾದ ಅಂಗಿಯನ್ನು ಎತ್ತಿಕೊಂಡು ಒಳಗೆ ಹೋದಳು. ನಲ್ಲಿಯ ಕೆಳಗೆ ಹಿಡಿದು ಉಜ್ಜಿದಳು. ಅವಳಿಗೆ ಇಬ್ಬರ ಮಾತೂ ನಿಜ ಅನ್ನಿಸಿತು.

ಆ ವಾರವೇ ವೋಲ್‌ನ ಫೋನು. ಮಾವಿಯೆನ್ ಅಣ್ಣನ ಫೋನು ಬಂದಾಗ ಎದ್ದು ನಿಂತೇ ಮಾತಾಡುವವ. ಆಚೆಯ ದನಿ ಮನೆಗೆಲ್ಲ ಕೇಳುತ್ತಿತ್ತು.

"ಏನೋ ಅದು, ಮಗಳನ್ನ ಮನೇಲಿ ಕೂರಿಸ್ಕೊಂಡಿದ್ದೀಯಂತೆ? ಮಜೋಕನ ಅಪ್ಪ ಬೆಳಗಾದ್ರೆ ನನ್ನ ಬಾಗಿಲಲ್ಲಿ ಕೂತಿರ್ತಾನೆ. ಇಲ್ಲಿ ನೀರು ಬಂದು ಮೇವೆಲ್ಲ ಕೊಳೆತುಹೋಗಿದೆ, ಅರ್ಧ ಹಸು ಸತ್ತಿವೆ. ಎಲ್ಲಿಂದ ತಂದು ಕೊಡ್ಲಿ?"

"ಹುಡುಗಿ ಕೈ ಮುರಿದಿದ್ದಾನೆ ಅಣ್ಣ."

"ಕೈ ಕೂಡ್ಕೊಳುತ್ತೆ. ಕಳ್ಸು. ಕಳ್ಸಲ್ಲ ಅಂದ್ರೆ ನಿನ್ನ ಹಟ್ಟೀಲಿ ನಾನೂರು ಇದ್ದಾವಲ್ಲ, ಅದ್ರಲ್ಲಿ ಮೂವತ್ತು ಹಡಗಿಗೆ ಹತ್ಸು. ಅಷ್ಟು ಇಟ್ಕೊಂಡು ಅಳ್ತೀಯಲ್ಲೋ."

ಇದು ಹಳೆಯ ಗಂಟು. ಈ ಊರಿಗೆ ಬಂದ ಹೊಸತರಲ್ಲಿ ಮಾವಿಯೆನ್ ತಾನು ಕೆಲಸಕ್ಕಿದ್ದ ಡೈರಿಯ ಯಜಮಾನನ ಹುಲ್ಲುಗಾವಲಿನಲ್ಲಿ, ಕೆಚ್ಚಲು ತುಂಬಿದ ಕಪ್ಪು-ಬಿಳಿ ಹಸುಗಳ ನಡುವೆ ಟೊಪ್ಪಿ ಹಾಕಿಕೊಂಡು ನಿಂತು ಒಂದು ಫೋಟೋ ತೆಗೆಸಿ ಅಣ್ಣನಿಗೆ ಕಳಿಸಿದ್ದ. ಇವು ನನ್ನವು ಅಂತ ಹೇಳಿರಲಿಲ್ಲ. ನನ್ನವಲ್ಲ ಅಂತಲೂ ಹೇಳಿರಲಿಲ್ಲ. ಹಸುವಿನ ಮಧ್ಯೆ ನಿಂತವನು ಹಸುವಿನ ಒಡೆಯನಲ್ಲದೆ ಇನ್ನೇನು ಎಂದು ತೊಂಜ್‌ನವರು ತಿಳಿದರು. ವೋಲ್ ಆ ಫೋಟೋವನ್ನು ಊರೂರು ತೋರಿಸಿದ. ಮಜೋಕನ ಕಡೆಯವರು ಅವುತಳಿಗೆ ಅಷ್ಟೊಂದು ಹಸು ಕೊಟ್ಟಿದ್ದು ಆ ಫೋಟೋ ನೋಡಿಯೇ.

ಮನೆಯೊಳಗೂ ಒಂದು ಗಂಟಿತ್ತು. ಹಣೆಗೆ ಗೀರು ಬಿದ್ದು ಗಂಡಸು ಅನ್ನಿಸಿಕೊಂಡವನು ಅವರಲ್ಲಿ ಕೆಚ್ಚಲು ಮುಟ್ಟುವಂತಿಲ್ಲ. ಹಾಲು ಕರೆಯುವುದು ಹೆಂಗಸರ ಕೆಲಸ, ಗೀರು ಬೀಳದ ಹುಡುಗರ ಕೆಲಸ. ಮಾವಿಯೆನ್‌ಗೆ ಸಿಕ್ಕ ಕೆಲಸವೋ ಹಾಲಿನ ಶೆಡ್ಡಿನದು. ನೆಂಟರು ಕೇಳಿದರೆ, "ಹಸು ನೋಡ್ಕೋತೀನಿ" ಅನ್ನುತ್ತಿದ್ದ. ಬಿಡದೆ ಕೇಳಿದರೆ, "ಕರೆಯೋದು ಮೆಷಿನ್ನು. ನಾನು ಗುಂಡಿ ಒತ್ತೋನು." ಅಥಿಯಾನ್ ಚಿಕ್ಕವನಿದ್ದಾಗ, "ಹಂಗಾದ್ರೆ ಮೆಷಿನ್ನಿಗೇ ಸಂಬಳ ಕೊಡಲಿ ಬಿಡಪ್ಪ," ಎಂದು ಬೆನ್ನಿಗೆ ಏಟು ತಿಂದಿದ್ದ.

ಮಜೋಕನ ಚಿಕ್ಕಪ್ಪ ಚಿಯೆರ್, ಇನ್ನಿಬ್ಬರು ಹಿರಿಯರನ್ನು ಕರೆದುಕೊಂಡು ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಬರುವುದೆಂದು ಹೇಳಿಕಳಿಸಿದ. ಮಜೋಕ್ ಬರುವುದಿಲ್ಲವಂತೆ, ಅವನ ಪರವಾಗಿ ಅವರೇ ಮಾತಾಡುತ್ತಾರಂತೆ.

"ಬರಲಿ," ಅಂದಳು ಅವುತ್. "ಅಲ್ಲೀವರೆಗೂ ಕಾಯ್ತೀನಿ. ಆಸ್ಪತ್ರೆಯಲ್ಲಿ ಒಬ್ಬಮ್ಮ, ಹೊಡೆತ ತಿಂದ ಹೆಂಗಸರಿಗೆ ಆಸರೆ ಕೊಡೋರ ನಂಬರು ಕೊಟ್ಟಿದ್ದಾಳೆ. ನೀವು ಕಳ್ಸೋದು ಅಂತ ಆದ್ರೆ ಅವತ್ತೇ ಫೋನ್ ಮಾಡ್ತೀನಿ. ಮಗು ಕರ್ಕೊಂಡು ಅವರು ಹೇಳಿದ ಕಡೆ ಹೋಗ್ತೀನಿ."

ಮಾವಿಯೆನ್ ಮೊದಲ ಬಾರಿಗೆ ನೇರ ಮಗಳ ಮುಖ ನೋಡಿದ. "ಪೊಲೀಸರನ್ನ ನನ್ನ ಬಾಗಿಲಿಗೆ ತರ್ತೀಯಾ?"

"ನಿಮ್ಮ ಬಾಗಿಲಿಗೆ ಯಾಕೆ? ಅವನ ಬಾಗಿಲಿಗೆ ಹೋಗ್ತಾರೆ."

"ಎರಡೂ ಒಂದೇ. ಹೋದ್ಮೇಲೆ ಇಲ್ಲಿಗೆ ತಿರುಗಿ ಬರೋ ಹಂಗಿಲ್ಲ, ತಿಳ್ಕೊ. ಬಿಳಿಯರ ಮುಂದೆ ನಮ್ಮ ಮನೆ ಹೂರಣ ಬಿಚ್ಚಿದವಳನ್ನ ಯಾರೂ ಮಗಳು ಅನ್ನಲ್ಲ."

"ಸರಿ," ಅಂದಳು ಅವುತ್. ಆ ಸರಿ ಅನ್ನುವ ಮಾತು ಅಲುಯೆಲ್‌ಗೆ ಬಾಗಿಲು ಮುಚ್ಚಿದ ಹಾಗೆ ಕೇಳಿಸಿತು. ಅಂದಿನಿಂದ ಬೀದಿಯಲ್ಲಿ ಕಾರು ನಿಧಾನವಾದರೆ ಅವಳು ಮಾಡುತ್ತಿದ್ದ ಕೆಲಸ ಬಿಟ್ಟು ಕಿಟಕಿಗೆ ಹೋಗುವಳು. ಮಗಳ ಚೀಲ ಕೋಣೆಯ ಮೂಲೆಯಲ್ಲಿ ಬಂದ ಹಾಗೇ ಇತ್ತು. ಬಟ್ಟೆ ತೆಗೆದು ಕಪಾಟಿಗೆ ಇಡಲೇ, ಬೇಡವೇ ಎಂದು ನೋಡಿ ನೋಡಿ ಸುಮ್ಮನಾಗುವಳು.

ಅದು ಹಸುಗಳು ಈಯುವ ಕಾಲ. ಶೆಡ್ಡಿನಲ್ಲಿ ಮಾವಿಯೆನ್ ಜೊತೆ ಕೆಲಸ ಮಾಡುತ್ತಿದ್ದವನಿಗೆ ಬೆನ್ನು ಹಿಡಿದುಕೊಂಡು, ಕರುಗಳಿಗೆ ಹಾಲು ಕುಡಿಸಲು ಆಳಿಲ್ಲವಾಯಿತು. ಯಜಮಾನ ತಾನೇ ಬಂದು ಅಲುಯೆಲ್‌ಳನ್ನು ಕೇಳಿದ. ಗಂಡನಿಗೆ ಇಷ್ಟವಿರಲಿಲ್ಲ. "ಚಳಿ ಇದೆ, ನೀನ್ಯಾಕೆ," ಅಂದ. ಮನೆಯಲ್ಲಿ ಕೂತು ಕಾರಿನ ಸದ್ದು ಕೇಳುವುದಕ್ಕಿಂತ ವಾಸಿ ಎಂದು ಅವಳು ಹೊರಟಳು.

ಕರುಗಳಿಗೆ ಬೆರಳು ಚೀಪಿಸಿ ಬಕೆಟ್ಟಿಗೆ ಮೂತಿ ಹಚ್ಚುವುದು ಅವಳಿಗೆ ಮರೆತಿರಲಿಲ್ಲ. ಎರಡನೇ ದಿನ ಬಕೆಟ್ಟು ಬರಿದಾಗಿ, ಗಿಣ್ಣುಹಾಲು ಕೇಳಲು ಶೆಡ್ಡಿನ ಹಿಂಬದಿಗೆ ಹೋದಳು. ಅಲ್ಲಿ ಒಂದು ಚೊಚ್ಚಲ ಹಸುವನ್ನು ಒಂಟಿಯಾಗಿ ಕಟ್ಟಿಹಾಕಿದ್ದರು. ತಂತಿಬೇಲಿ ತಾಗಿ ಮೊಲೆ ಸೀಳಿತ್ತು. ಮೆಷಿನ್ನು ಹಾಕಿದರೆ ಒದೆಯುತ್ತಿತ್ತು. ಮಾವಿಯೆನ್ ಅದರ ಪಕ್ಕೆಗೆ ಹಣೆ ಒತ್ತಿ, ಮೊಳಕಾಲೂರಿ ಕೂತಿದ್ದ. ಎರಡೂ ಕೈಯಲ್ಲಿ ಕರೆಯುತ್ತಿದ್ದ. ಹುಡುಗನಾಗಿದ್ದಾಗ ತಾಯಿ ಕಲಿಸಿದ ಹಾಗೆ, ಹೆಬ್ಬೆರಳು ಮಡಿಸಿ, ನೋವಾದ ಮೊಲೆಯನ್ನು ಬಿಟ್ಟು ಬಿಟ್ಟು ಹಿಡಿಯುತ್ತಿದ್ದ. ಬಾಯಲ್ಲಿ ಸಣ್ಣಗೆ ಹಾಡು. ಹಸು ಕಾಲೆತ್ತದೆ ನಿಂತಿತ್ತು.

ಇದು ಇವತ್ತಿನ ಕೈಯಲ್ಲ, ದಿನಾ ಕರೆಯುವ ಕೈ ಎಂದು ಅಲುಯೆಲ್‌ಗೆ ನೋಡಿದ ಕೂಡಲೇ ಗೊತ್ತಾಯಿತು. ಅವನು ತಲೆ ಎತ್ತಿದ. ಹಾಡು ನಿಂತಿತು. ಹಾಲು ಮಾತ್ರ ಇನ್ನೊಂದು ಸಲ ಬಕೆಟ್ಟಿಗೆ ಬಿತ್ತು.

"ಗಿಣ್ಣು ಬೇಕಿತ್ತು," ಅಂದಳು.

"ತಗೋ," ಅಂದ.

ಅವಳು ಬಕೆಟ್ಟು ತೆಗೆದುಕೊಂಡು ಹೋದಳು. ಕೆಲಸ ಮುಗಿಸಿ ಇಬ್ಬರೂ ಕಾರಿನಲ್ಲಿ ಹೊರಟರು. ಮನೆಗೆ ಅರ್ಧ ದಾರಿಯಿರುವಾಗ ಮಾವಿಯೆನ್ ಕಾರನ್ನು ಬದಿಗೆ ನಿಲ್ಲಿಸಿದ.

"ಯಾರಿಗೂ ಹೇಳ್ಬೇಡ, ಅಥಿಯಾನನ ಅಮ್ಮ."

"ಎಷ್ಟು ವರ್ಷದಿಂದ?"

"ಶುರುವಿಂದ. ಮೆಷಿನ್ನು ಹಾಕೋಕೆ ಮೊದಲು ಪ್ರತಿ ಹಸುಗೂ ಎರಡು ಎಳೆತ ಕೈಯಲ್ಲೇ ಎಳೀಬೇಕು. ಮೊದಲನೇ ದಿನ ಮನೆಗೆ ಬಂದು ಕೈಯನ್ನ ಬಿಸಿನೀರಲ್ಲಿ ಇಟ್ಕೊಂಡು ಕೂತಿದ್ದೆ. ನೆನಪಿದೆಯಾ? ಚಳಿ ಅಂದಿದ್ದೆ ನಿನಗೆ." ಸ್ಟೀರಿಂಗಿನ ಮೇಲಿದ್ದ ಕೈ ನೋಡಿಕೊಂಡು ಹೇಳಿದ: "ಮಕ್ಕಳು ಹಸಿದಿದ್ರು."

ಅಲುಯೆಲ್ ಕಿಟಕಿಯಾಚೆ ನೋಡುತ್ತಿದ್ದಳು. "ನಾನು ಯಾರಿಗೂ ಹೇಳಲ್ಲ. ಆದ್ರೆ ಭಾನುವಾರ ಅವರು ಕಳ್ಸು ಅಂದಾಗ, ಅದೇ ಕೈಯಲ್ಲಿ ಮಗಳನ್ನ ಕಾರಿಗೆ ಹತ್ಸೋಕೆ ಆಗುತ್ತಾ ನೋಡ್ಕೊ. ಹೊಟ್ಟೆಗೋಸ್ಕರ ಒಂದು ಕಟ್ಟಳೆ ಮುರಿದಿದ್ದೀಯ. ಮುರಿದ ಮೇಲೂ ಮಾವಿಯೆನ್ ಮಾವಿಯೆನ್ನೇ. ನನಗೇನೂ ಕಡಿಮೆ ಕಾಣ್ಲಿಲ್ಲ ಇವತ್ತು."

ಅವನು ಕಾರು ಹೊರಡಿಸಿದ. ಭಾನುವಾರದ ತನಕ ಅವನು ಮನೆಯಲ್ಲಿ ಆಡಿದ ಮಾತೆಂದರೆ ಉಪ್ಪು, ನೀರು, ಅಷ್ಟೇ.

ಹಿರಿಯರು ಪೂಜೆಯ ಬಟ್ಟೆಯಲ್ಲೇ ಬಂದರು. ಚಿಯೆರ್ ಕೋಲೂರಿಕೊಂಡು, ಕೋಟಿನ ಮೇಲೆ ದಾರದ ಶಿಲುಬೆ ಹಾಕಿಕೊಂಡು ಬಂದು ದೊಡ್ಡ ಕುರ್ಚಿಯಲ್ಲಿ ಕೂತ. ನ್ಯಿಬೋಲ್ ತೆಳ್ಳನೆ ಜೋಳದ ದೋಸೆ, ಕಡಲೆಕಾಯಿ ಹಾಕಿದ ಮಾಂಸದ ಸಾರು ಮಾಡಿದ್ದಳು. ಅಲುಯೆಲ್ ಹಾಲು ಹೆಚ್ಚು ಹಾಕಿ, ಸಕ್ಕರೆ ಸುರಿದು ಚಹಾ ಕಾಸಿದಳು. ಹೆಂಗಸರು ಅಡುಗೆಮನೆಯಲ್ಲಿ ನಿಂತರು. ಅವುತ್ ಎಡಗೈಯಲ್ಲಿ ಫೋನು ಹಿಡಿದುಕೊಂಡಿದ್ದಳು. ಬಾಗಿಲ ಬಳಿ ಅವಳ ಚೀಲವಿತ್ತು. ಅದನ್ನು ಅಲ್ಲಿಗೆ ತಂದಿಟ್ಟಿದ್ದು ಯಾವಾಗ ಎಂದು ಅಲುಯೆಲ್‌ಗೆ ತಿಳಿಯಲಿಲ್ಲ.

ಊಟವಾಯಿತು, ಚಹಾ ಬಂತು. ಚಿಯೆರ್ ಒಂದು ಲೋಟ ಕುಡಿದು ಮಾತು ತೆಗೆದ.

"ಹುಡುಗ ಮಾಡಿದ್ದು ತಪ್ಪು. ನಾನೇ ಬೈದಿದ್ದೀನಿ. ಇನ್ನು ಮುಟ್ಟಲ್ಲ ಅಂತ ನಮ್ಮ ಮುಂದೆ ಆಣೆ ಮಾಡ್ತಾನೆ. ಹುಡುಗೀನ ಕಳ್ಸು ಮಾವಿಯೆನ್. ನಾವು ಬರೋವಾಗ ಏನು ತಂದ್ವಿ? ಊರಿಲ್ಲ, ನದಿಯಿಲ್ಲ. ನನ್ನ ಮೊಮ್ಮಕ್ಕಳು ನನ್ನನ್ನ ಇಂಗ್ಲಿಷಲ್ಲಿ ಬೈತಾರೆ, ನನಗೆ ಅರ್ಥ ಆಗಲ್ಲ ಅಂದ್ಕೊಂಡಿದ್ದಾರೆ. ಉಳಿದಿರೋದು ಹಸುವಿನ ಮಾತೊಂದೇ. ಅದನ್ನೂ ಬಿಟ್ರೆ ನಾವು ಬರೀ ಎತ್ತರದ ಕರಿ ಜನ ಅಷ್ಟೇ ಇಲ್ಲಿ."

ಅಲುಯೆಲ್‌ಗೆ ಅವನ ಮೇಲೆ ಕೋಪ ಬರಲಿಲ್ಲ. ಕೋಪ ಬರುವ ಹಾಗಿದ್ದರೆ ಒಳ್ಳೆಯದಿತ್ತು.

"ಕಳ್ಸಲ್ಲ ಅಂದ್ರೆ?" ಕೇಳಿದ ಮಾವಿಯೆನ್.

"ಕಳ್ಸಲ್ಲ ಅಂದ್ರೆ ಹಸು. ನಿನ್ನ ಸೊಸೆ ಅಪ್ಪನ ಹಟ್ಟೀಲಿರೋವು. ಇಲ್ಲ ಅಂದ್ರೆ ನಿನ್ನ ಇಲ್ಲಿನ ಮಂದೇಲಿ ಬೇಕಾದಷ್ಟಿದೆ."

ಅಡುಗೆಮನೆಯಲ್ಲಿ ನ್ಯಿಬೋಲ್ ಗೋಡೆಗೆ ಒರಗಿದಳು. ಅವುತ್‌ಳ ಹೆಬ್ಬೆರಳು ಫೋನಿನ ಮೇಲೆ ಬಂತು. ಅಲುಯೆಲ್ ಮಗಳ ಕೈ ಮೇಲೆ ಕೈಯಿಟ್ಟಳು. ಬೇಡ ಎಂದೋ, ತಡಿ ಎಂದೋ ಅವಳಿಗೇ ಗೊತ್ತಿರಲಿಲ್ಲ.

"ಇಲ್ಲಿ ನನ್ನ ಮಂದೆ ಇಲ್ಲ," ಅಂದ ಮಾವಿಯೆನ್. "ಒಂದು ಬಾಲವೂ ನನ್ನದಲ್ಲ. ಎಲ್ಲಾ ಯಜಮಾನಂದು. ನಾನು ಹಾಲು ಕರೀತೀನಿ."

"ಮೆಷಿನ್ನು ಕರೆಯುತ್ತೆ ಅಂತಿದ್ದೆಯಲ್ಲ," ಅಂದ ಹಿರಿಯರಲ್ಲೊಬ್ಬ, ತಪ್ಪಿಸಿಕೊಳ್ಳಲು ತಾನೇ ದಾರಿ ತೋರಿಸುವವನ ಹಾಗೆ.

"ಮೆಷಿನ್ನೂ ಕರೆಯುತ್ತೆ, ನಾನೂ ಕರೀತೀನಿ. ಈ ಕೈಯಲ್ಲಿ." ಮಾವಿಯೆನ್ ಎರಡೂ ಅಂಗೈ ಮುಂದೆ ಚಾಚಿದ. "ಬೆಳಿಗ್ಗೆ ಕರೆದದ್ದೇ ನೀವೀಗ ಕುಡಿದ ಚಹಾದಲ್ಲಿದೆ."

ಮೂವರೂ ಲೋಟದೊಳಗೆ ನೋಡಿದರು. ಒಬ್ಬ ತನ್ನ ಲೋಟವನ್ನು ಮೆಲ್ಲಗೆ ನೆಲಕ್ಕಿಟ್ಟ.

"ನನ್ನನ್ನ ಏನು ಬೇಕಾದ್ರೂ ಅನ್ನಿ," ಮಾವಿಯೆನ್ ಹೇಳಿದ. "ಮಕ್ಕಳ ಹೊಟ್ಟೆಗೆ ಅಂತ ಮಾಡಬಾರದ್ದು ಮಾಡ್ದೆ. ಗೀರು ಅಳಿಸಿಹೋಗಿಲ್ಲ, ನೋಡಿ, ಇಲ್ಲೇ ಇದೆ. ಆ ಹೊಟ್ಟೆ ತುಂಬಿಸ್ಕೊಂಡು ಬೆಳೆದ ಹುಡುಗಿ ಇವಳು. ಇವಳನ್ನ ಕೈ ಮುರಿಯೋ ಮನೆಗೆ ಕಳ್ಸಲ್ಲ. ಸೊಸೆ ಅಪ್ಪನ ಹಟ್ಟಿಗೂ ಯಾರೂ ಹೋಗೋ ಹಂಗಿಲ್ಲ. ಹಸು ನನ್ನ ಮೇಲಿರಲಿ. ದುಡಿದು, ಅಲ್ಲೇ ಕೊಂಡು, ಒಂದೊಂದಾಗಿ ಹೊಡೆಸ್ತೀನಿ. ನಾನು ಸತ್ರೆ ಅಥಿಯಾನ್."

"ಮಜೋಕ್ ಒಪ್ಪಲ್ಲ."

"ಒಪ್ಪದೆ ಇಲ್ಲಿಗೆ ಬಂದ್ರೆ, ಅವಳ ಹತ್ರ ಒಂದು ನಂಬರಿದೆ. ನಾನೇ ಒತ್ತಿಕೊಡ್ತೀನಿ."

ಚಿಯೆರ್ ಯಾರನ್ನೂ ನೋಡದೆ, ಕೋಲಿನ ತುದಿ ನೋಡುತ್ತ ಹೇಳಿದ: "ನಾನು ಮುದುಕರ ಮನೇಲಿ ಬಟ್ಟೆ ಒಗೀತೀನಿ. ಮುದುಕಿಯರ ಒಳಬಟ್ಟೆ. ನಮ್ಮಣ್ಣಂಗೆ ಕಾವಲು ಕೆಲಸ ಅಂತ ಹೇಳಿದ್ದೀನಿ." ನೆಲಕ್ಕೆ ಲೋಟ ಇಟ್ಟವನ ಕಡೆ ತಿರುಗಿ, "ಕುಡಿಯಯ್ಯ, ಆರುತ್ತೆ," ಎಂದು ತನ್ನ ಲೋಟವನ್ನು ಅಡುಗೆಮನೆಯ ಕಡೆ ಚಾಚಿದ. "ಅಥಿಯಾನನ ತಾಯಿ, ಇನ್ನೊಂದು ಲೋಟ. ಸಕ್ಕರೆ ಸಾಲದು."

ಅಲುಯೆಲ್ ಅಂಚಿನ ತನಕ ಬಗ್ಗಿಸಿದ ಚಹಾ ತಟ್ಟೆಗೂ ಚೆಲ್ಲಿತು. ಅವನು ಅದನ್ನೂ ಹೀರಿದ.

ಹೊರಡುವಾಗ ಬಾಗಿಲಲ್ಲಿ ನಿಂತು ಚಿಯೆರ್ ಅಬುಕ್‌ಳ ಕೆನ್ನೆ ಹಿಡಿದ. "ಹಸು ಮಾತು ನಾನು ಹೇಳ್ನೋಡ್ತೀನಿ. ಮಗು ನಮ್ಮ ವಂಶದ್ದು, ಅದು ಬೇರೆ ಮಾತು. ಅದಕ್ಕೆ ಇನ್ನೊಂದಿನ ಬರ್ತೀವಿ."

ಅವುತ್ ಮಗುವನ್ನು ಎಳೆದುಕೊಂಡಳು. ಕಾರು ಬೀದಿಯ ಕೊನೆಯಲ್ಲಿ ತಿರುಗುವ ತನಕ ಅಲುಯೆಲ್ ಕಿಟಕಿ ಬಿಟ್ಟು ಕದಲಲಿಲ್ಲ.

ನ್ಯಿಬೋಲ್ ಬಾಗಿಲ ಬಳಿಯ ಚೀಲವನ್ನು ಕಾಲಿನಿಂದ ಮೆಲ್ಲಗೆ ಒಳಕ್ಕೆ ತಳ್ಳುತ್ತ ಬಂದಳು. "ನನಗೆ ಎತ್ತಕ್ಕಾಗಲ್ಲ, ನಿನಗೂ ಆಗಲ್ಲ. ಇಬ್ಬರೂ ಹಿಡಿಯೋಣ ಬಾ."

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಫೋನು ಬಂತು. ವೋಲ್‌ನ ಹೆಸರು. ಮಾವಿಯೆನ್‌ನ ಬೆರಳಲ್ಲಿ ಮುದ್ದೆ ಅಂಟಿತ್ತು. ಸುದ್ದಿ ತೊಂಜ್ ತಲುಪಿದೆ ಎಂದು ಎಲ್ಲರಿಗೂ ಗೊತ್ತಾಯಿತು. ಯಾರೂ ತುತ್ತೆತ್ತಲಿಲ್ಲ. ಫೋನು ನಿಂತು ಮತ್ತೆ ಬಡಿದುಕೊಂಡಿತು. ಅವನು ಎಡಗೈಯಲ್ಲಿ ಎತ್ತಿಕೊಂಡ. ಈ ಸಲ ಎದ್ದು ನಿಲ್ಲಲಿಲ್ಲ.

ಆಚೆಯ ದನಿ ಶುರುವಾಗುವ ಮೊದಲೇ ಹೇಳಿದ: "ಹೌದಣ್ಣ. ನಿಜ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ."